ಮೂರೇ ವಾರದ ತಯಾರಿಯಲ್ಲಿ 160 ಕಿಲೋಮೀಟರ್ ಸೈಕಲ್ ತುಳಿಯಬಹುದೇ?

ಪ್ರಶ್ನೆ: ನನಗೆ 38 ವರ್ಷ. ದಿನವಿಡೀ ಕುರ್ಚಿಯಲ್ಲಿ ಕುಳಿತು ಮಾಡುವ ಕೆಲಸ. ವಾರಕ್ಕೆ ಎರಡು ಸಲ ಹತ್ತು-ಹನ್ನೆರಡು ಕಿಲೋಮೀಟರ್ ಸೈಕಲ್ ತುಳಿಯುತ್ತೇನೆ. ಒಂದೇ ಒಂದು ಬಾರಿ 35 ಕಿ.ಮೀ. ಹೋಗಿದ್ದೇನೆ. ಗೆಳೆಯರ ಮಾತಿಗೆ ಕಟ್ಟುಬಿದ್ದು 160 ಕಿ.ಮೀ.ಗಳ ಒಂದು ದಿನದ ಸವಾರಿಗೆ ಹೆಸರು ಕೊಟ್ಟುಬಿಟ್ಟಿದ್ದೇನೆ. ಇನ್ನು ಮೂರು ವಾರ ಮಾತ್ರ ಉಳಿದಿದೆ. ಅಷ್ಟರಲ್ಲಿ ದೇಹವನ್ನು ಅಣಿಗೊಳಿಸಲು ಸಾಧ್ಯವೇ, ಅಥವಾ ಹಿಂದೆ ಸರಿಯುವುದೇ ಮೇಲೇ?

ಉತ್ತರ: ಹಿಂದೆ ಸರಿಯಬೇಕಾದ ಅಗತ್ಯ ನನಗೆ ಕಾಣುವುದಿಲ್ಲ. ಆದರೆ ಒಂದು ಷರತ್ತು ಇದೆ. ಶ್ರಮಪಟ್ಟಾಗ ಎದೆನೋವು ಅಥವಾ ತಲೆಸುತ್ತು ಬರುವುದಿದ್ದರೆ, ರಕ್ತದೊತ್ತಡ ಇಲ್ಲವೇ ಮಧುಮೇಹ ಇದ್ದರೆ, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಹೃದಯದ ತೊಂದರೆ ಆಗಿದ್ದರೆ, ಮೊದಲು ವೈದ್ಯರನ್ನು ಕಂಡು ಅವರ ಒಪ್ಪಿಗೆ ಪಡೆದ ಮೇಲೆ ಮಾತ್ರ ಮುಂದಿನ ಮಾತು.

ಮೂರು ವಾರದಲ್ಲಿ ದೇಹ ಎಷ್ಟು ಬದಲಾಗಬಲ್ಲದು ಎಂಬುದನ್ನು ಮೊದಲೇ ಒಪ್ಪಿಕೊಳ್ಳುವುದು ಒಳ್ಳೆಯದು. ನಿಯಮಿತವಾಗಿ ತುಳಿಯಲು ತೊಡಗಿದ ಒಂದೆರಡು ವಾರಗಳಲ್ಲೇ ರಕ್ತದ ದ್ರವಾಂಶ ಹೆಚ್ಚುತ್ತದೆ, ಇದರಿಂದಾಗಿ ಅದೇ ಏರನ್ನು ಹತ್ತುವಾಗ ಎದೆಬಡಿತ ಮೊದಲಿಗಿಂತ ತುಸು ಕಡಿಮೆಯಿರುತ್ತದೆ. ನಿಮಗೆ ದಕ್ಕುವ ಲಾಭ ಹೆಚ್ಚುಕಡಿಮೆ ಇಷ್ಟೇ. ಸ್ನಾಯುಗಳಲ್ಲಿ ಹೊಸ ಲೋಮನಾಳಗಳು, ಅಂದರೆ ಕೂದಲೆಳೆಯಂಥ ರಕ್ತನಾಳಗಳು ಬೆಳೆಯಲು, ಕೊಬ್ಬನ್ನು ಇಂಧನವಾಗಿ ಉರಿಸುವ ಸಾಮರ್ಥ್ಯ ಚೆನ್ನಾಗಿ ಕುದುರಲು ಇದಕ್ಕಿಂತ ಬಹಳ ಹೆಚ್ಚು ಕಾಲ ಹಿಡಿಯುತ್ತದೆ, ಸ್ನಾಯುವನ್ನು ಎಲುಬಿಗೆ ಬಿಗಿಯುವ ಸ್ನಾಯುರಜ್ಜುಗಳು ಗಟ್ಟಿಯಾಗುವುದಂತೂ ಇನ್ನೂ ನಿಧಾನ. ಹಾಗಿದ್ದರೂ ನಿಧಾನವಾಗಿ ತುಳಿಯುವ ಹೊಸಬರು ಉಸಿರು ಸಾಲದೆ ನಡುದಾರಿಯಲ್ಲಿ ಸೈಕಲ್ಲಿನಿಂದ ಇಳಿದದ್ದನ್ನು ನಾನು ಕಂಡಿರುವುದು ಅಪರೂಪ. ಕುಳಿತ ಜಾಗ ಉರಿದು, ಅಂಗೈ ಮರಗಟ್ಟಿ, ಮಂಡಿ ನೊಂದು, ಕತ್ತು ಸೆಟೆದು, ಹೊಟ್ಟೆ ಬರಿದಾಗಿ ಅವರು ಇಳಿಯುತ್ತಾರೆ. ಈ ಐದನ್ನೂ ಮೂರು ವಾರದಲ್ಲಿ ಬಹುಮಟ್ಟಿಗೆ ಸರಿಪಡಿಸಿಕೊಳ್ಳಬಹುದಾದ್ದರಿಂದ, ಉಳಿದಿರುವ ಸಮಯವನ್ನು ಕಾಲಿನ ಬಲಕ್ಕಿಂತ ಹೆಚ್ಚಾಗಿ ಇವುಗಳಿಗೆ ಕೊಡಿ.

ಮೊದಲ ವಾರದ ಕೊನೆಗೆ 50 ಕಿ.ಮೀ., ಎರಡನೆಯ ವಾರದ ಕೊನೆಗೆ 75ರಿಂದ 85 ಕಿ.ಮೀ. ಒಂದೇ ಸವಾರಿಯಲ್ಲಿ ಮುಗಿಸಿ. ನಡುವಿನ ದಿನಗಳಲ್ಲಿ ಎರಡು ಬಾರಿ ಒಂದೊಂದು ಗಂಟೆ ಹಗುರವಾಗಿ ತುಳಿದರೆ ಸಾಕು. ಕೊನೆಯ ವಾರದಲ್ಲಿ ಚಿಕ್ಕ ಸವಾರಿ ಎರಡಕ್ಕಿಂತ ಹೆಚ್ಚು ಬೇಡ. ನಿಜವಾಗಿ ಆಗುತ್ತದೆಯೋ ಇಲ್ಲವೋ ನೋಡಿಬಿಡೋಣ ಎಂದು ನಾಲ್ಕು ದಿನ ಮೊದಲು 130 ಕಿ.ಮೀ. ಹೋಗಿಬಂದು, ನೋಯುವ ತೊಡೆಗಳನ್ನು ಹೊತ್ತುಕೊಂಡೇ ಸವಾರಿಗೆ ಬರುವವರನ್ನು ನಾನು ಪ್ರತಿ ವರ್ಷವೂ ಕಾಣುತ್ತೇನೆ. ಆ ಎರಡು ದೊಡ್ಡ ಸವಾರಿಗಳು ನಾಟಕದ ಕೊನೆಯ ತಾಲೀಮಿನಂತಿರಬೇಕು: ಅಂದಿನದೇ ಸೀಟು, ಅದೇ ಚಡ್ಡಿ, ಅದೇ ಬೂಟು, ಅದೇ ನೀರಿನ ಬಾಟಲಿ, ಅದೇ ತಿನಿಸು. ಸವಾರಿಯ ದಿನ ಹೊಸದೆಂಬುದು ಏನೂ ಇರಬಾರದು.

ಎಲ್ಲಕ್ಕಿಂತ ಮೊದಲು ಸೀಟಿನ ಎತ್ತರ ನೋಡಿಕೊಳ್ಳಿ. ಗೋಡೆಗೆ ಕೈಯೂರಿ ಸೀಟಿನ ಮೇಲೆ ಕುಳಿತು, ಪೆಡಲನ್ನು ಪೂರ್ತಿ ಕೆಳಕ್ಕೆ ತಂದು, ಅದರ ಮೇಲೆ ಹಿಮ್ಮಡಿಯನ್ನು ಇಡಿ. ಸೊಂಟ ಒಂದು ಕಡೆಗೆ ವಾಲದೆ ಕಾಲು ಸರಿಯಾಗಿ ನೆಟ್ಟಗಾಗಬೇಕು. ಆಮೇಲೆ ತುಳಿಯುವ ಭಂಗಿಯಲ್ಲಿ, ಅಂದರೆ ಬೆರಳುಗಳ ಹಿಂದಿನ ಉಬ್ಬುಭಾಗವನ್ನು ಪೆಡಲಿನ ಮೇಲಿಟ್ಟಾಗ, ಮಂಡಿ ತಾನಾಗಿಯೇ 25ರಿಂದ 35 ಡಿಗ್ರಿಯಷ್ಟು ಬಾಗಿರುತ್ತದೆ. ಹೊಸಬರು ನೆಲಕ್ಕೆ ಎರಡೂ ಪಾದ ತಾಗಲೆಂದು ಸೀಟನ್ನು ತಗ್ಗಿಸಿಕೊಂಡಿರುವುದೇ ಹೆಚ್ಚು. ಹತ್ತು ಕಿಲೋಮೀಟರ್‌ಗೆ ಅದು ತಿಳಿಯುವುದೇ ಇಲ್ಲ. ಆದರೆ ನಿಮಿಷಕ್ಕೆ 80 ಸುತ್ತಿನಂತೆ ಎಂಟು ಗಂಟೆ ತುಳಿದರೆ ಒಂದೊಂದು ಮಂಡಿಯೂ 38,400 ಬಾರಿ ಬಾಗಿ ನೆಟ್ಟಗಾಗುತ್ತದೆ, ಎರಡು ಸೆಂಟಿಮೀಟರ್‌ನ ತಪ್ಪನ್ನು ಅದು ಅಷ್ಟೂ ಬಾರಿ ತಾಳಿಕೊಳ್ಳಬೇಕಾಗುತ್ತದೆ.

ಕುಳಿತ ಜಾಗದ ನೋವಿಗೆ ಮೆತ್ತನೆಯ ಜೆಲ್ ಹೊದಿಕೆ ಪರಿಹಾರವೆಂದು ಬಹಳಷ್ಟು ಜನ ನಂಬಿದ್ದಾರೆ. ದೇಹದ ಭಾರವನ್ನು ಹೊರಬೇಕಾದದ್ದು ಪೃಷ್ಠದ ಕೆಳಗಿನ ಎರಡು ಎಲುಬಿನ ತುದಿಗಳು. ಸೀಟು ತೀರ ಮೆತ್ತಗಿದ್ದರೆ ಆ ತುದಿಗಳು ಒಳಕ್ಕೆ ಕುಸಿದು, ಅವುಗಳ ನಡುವಿನ ಮೃದುಭಾಗದ ಮೇಲೆ ಒತ್ತಡ ಬೀಳುತ್ತದೆ. ಸೀಟು ಸಾಕಷ್ಟು ಗಟ್ಟಿಯಾಗಿರಲಿ, ಮೆತ್ತೆಯಿರುವ ಸೈಕಲ್ ಚಡ್ಡಿಯನ್ನು ಒಳಉಡುಪಿಲ್ಲದೆ ನೇರವಾಗಿ ಧರಿಸಿ. ಒಳಉಡುಪಿಲ್ಲದೆ ಎಂದಾಗ ಮುಜುಗರದಿಂದ ನಗುವವರುಂಟು, ಆದರೆ ಚರ್ಮವನ್ನು ಗಂಟೆಗಟ್ಟಲೆ ಉಜ್ಜಿ ಗಾಯ ಮಾಡುವುದು ಆ ಒಳಉಡುಪಿನ ಹೊಲಿಗೆಯೇ. ಉಜ್ಜುವ ಜಾಗಕ್ಕೆ ಮೊದಲೇ ಜಿಡ್ಡಿನ ಕ್ರೀಮ್ ಹಚ್ಚಿ, ಹತ್ತು-ಹದಿನೈದು ನಿಮಿಷಕ್ಕೊಮ್ಮೆ ಪೆಡಲಿನ ಮೇಲೆ ಎದ್ದು ನಿಂತು ಅಲ್ಲಿಗೆ ರಕ್ತ ಹರಿಯಲು ಬಿಡಿ.

ಇನ್ನು ವೇಗ. ನಿಮ್ಮ ಸವಾರಿ ಕೆಡುವುದಿದ್ದರೆ ಅದು ಮೊದಲ ಎರಡು ಗಂಟೆಗಳಲ್ಲೇ ಕೆಡುತ್ತದೆ, ಗೊತ್ತಾಗುವುದು ಮಾತ್ರ ಆರನೆಯ ಗಂಟೆಯಲ್ಲಿ. ಬೆಳಗಿನ ತಂಪು, ಹೊಸ ಹುರುಪು, ಮುಂದೆ ಸಾಗುತ್ತಿರುವ ಗುಂಪು ಇವೆಲ್ಲ ಸೇರಿ ನಿಮ್ಮನ್ನು ಎಳೆದೊಯ್ಯುತ್ತವೆ. ಸಪಾಟು ದಾರಿಯಲ್ಲಿ ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುವುದರಿಂದ, ಗಂಟೆಗೆ 20 ಕಿ.ಮೀ. ಇದ್ದದ್ದನ್ನು 25ಕ್ಕೆ ಏರಿಸಿದರೆ ಗಾಳಿಗಾಗಿ ವ್ಯಯವಾಗುವ ಶಕ್ತಿ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಎದುರಿನಿಂದ ಗಂಟೆಗೆ 15 ಕಿ.ಮೀ. ವೇಗದ ಗಾಳಿ ಬೀಸುವಾಗಲೂ 20ರಲ್ಲೇ ಸಾಗುತ್ತೇನೆಂದು ಹಟ ಹಿಡಿದರೆ, ಗಾಳಿಯ ತಡೆ ಮೂರು ಪಟ್ಟಾಗುತ್ತದೆ. ಅಂತಹ ಕಡೆ ಮೀಟರಿನ ಕಡೆ ನೋಡದೆ ಹಗುರ ಗೇರಿಗೆ ಇಳಿದುಬಿಡಿ. ಪಕ್ಕದವರೊಂದಿಗೆ ಉಸಿರು ಕಟ್ಟದೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಬರುತ್ತಿದೆಯೇ ಎಂಬುದೊಂದೇ ನಿಮಗೆ ಅಳತೆಗೋಲು. ಎರಡು-ಮೂರು ಪದಕ್ಕೊಮ್ಮೆ ಉಸಿರೆಳೆಯಬೇಕಾದರೆ, ಅದು ಎಷ್ಟೇ ಚಿಕ್ಕ ಏರಾಗಿದ್ದರೂ, ನೀವು ಮಧ್ಯಾಹ್ನದ ಶಕ್ತಿಯನ್ನು ಬೆಳಗ್ಗೆಯೇ ಖರ್ಚು ಮಾಡುತ್ತಿದ್ದೀರಿ.

ಆಹಾರದ ವಿಷಯದಲ್ಲಿ ನಾನು ಸ್ವತಃ ಪೆಟ್ಟು ತಿಂದವನು. ನನ್ನ ಮೊದಲ 200 ಕಿ.ಮೀ. ಸವಾರಿಯಲ್ಲಿ ಹಸಿವಾಗಲಿ, ಆಮೇಲೆ ತಿಂದರಾಯಿತು ಎಂದು ನಾಲ್ಕು ಗಂಟೆ ಬರೀ ನೀರಿನಲ್ಲೇ ತುಳಿದೆ. ಹಸಿವೇನೋ ಆಗಲಿಲ್ಲ, ಸುಮಾರು 120 ಕಿ.ಮೀ. ಆದಾಗ ರಸ್ತೆಯ ಬಿಳಿಗೆರೆ ಎರಡಾಗಿ ಕಾಣತೊಡಗಿತು. ಇಳಿದು ಮೈಲಿಗಲ್ಲಿನ ಪಕ್ಕ ಕುಳಿತು ಜೇಬಿನಿಂದ ಬಿಸ್ಕತ್ತಿನ ಪೊಟ್ಟಣ ತೆಗೆದೆ. ಅದನ್ನು ಯಾವ ತುದಿಯಿಂದ ಹರಿಯಬೇಕೆಂಬುದೇ ಹೊಳೆಯದೆ ಎಷ್ಟೋ ಹೊತ್ತು ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ. ದೇಹ ಸ್ನಾಯುಗಳಲ್ಲೂ ಯಕೃತ್ತಿನಲ್ಲೂ ಗ್ಲೈಕೋಜನ್ ರೂಪದಲ್ಲಿ ಕೂಡಿಡುವ ಇಂಧನ ಸುಮಾರು 400ರಿಂದ 500 ಗ್ರಾಂ, ಅಂದರೆ ಹೆಚ್ಚೆಂದರೆ 2,000 ಕಿಲೋಕ್ಯಾಲರಿ. ಎಂಟು ಗಂಟೆಯ ಸವಾರಿ ಅದರ ಎರಡು ಪಟ್ಟನ್ನಾದರೂ ಬೇಡುತ್ತದೆ. ಕೊರತೆಯ ಒಂದು ಪಾಲನ್ನು ಕೊಬ್ಬು ತುಂಬುತ್ತದೆಯಾದರೂ, ರಕ್ತದ ಸಕ್ಕರೆ ಕುಸಿದಾಗ ಕಾಲಿನ ಜೊತೆಗೆ ತಲೆಯೂ ಕೈಕೊಡುತ್ತದೆ. ಆದ್ದರಿಂದ ಹೊರಟ ಅರ್ಧ-ಮುಕ್ಕಾಲು ಗಂಟೆಯಲ್ಲೇ ತಿನ್ನಲು ತೊಡಗಿ, ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಒಳಹೋಗುವಂತೆ ಕೊನೆಯವರೆಗೂ ನೋಡಿಕೊಳ್ಳಿ. ಮಧ್ಯಮ ಗಾತ್ರದ ಒಂದು ಬಾಳೆಹಣ್ಣಿನಲ್ಲಿ ಇರುವುದು ಸುಮಾರು 27 ಗ್ರಾಂ. ಲೆಕ್ಕಕ್ಕೆ ಅದನ್ನೇ ಮಾನವಾಗಿ ಇಟ್ಟುಕೊಳ್ಳಬಹುದು. ನಡುವೆ ಹೊಟ್ಟೆ ಬಿರಿಯುವಷ್ಟು ಊಟ ಮಾಡುವುದು ಉಪವಾಸದಷ್ಟೇ ಕೆಟ್ಟದ್ದು.

ನೀರನ್ನು ಬಾಯಾರಿಕೆಗೆ ತಕ್ಕಂತೆ ಗುಟುಕುಗುಟುಕಾಗಿ ಕುಡಿಯಿರಿ. ಹೆಚ್ಚು ಕುಡಿದಷ್ಟೂ ಒಳ್ಳೆಯದೆಂದು ಲೀಟರುಗಟ್ಟಲೆ ಬರೀ ನೀರು ಕುಡಿದರೆ ರಕ್ತದಲ್ಲಿ ಸೋಡಿಯಂ ತೀರ ಇಳಿದು ತಲೆನೋವು, ವಾಂತಿ, ಗೊಂದಲ ಉಂಟಾಗಬಹುದು, ಅದು ಪ್ರಾಣಕ್ಕೇ ಅಪಾಯವಾದದ್ದೂ ಇದೆ. ಬೆವರು ಹೆಚ್ಚಾಗಿ ಹರಿಯುವ ದಿನ ಎರಡು ಬಾಟಲಿಗಳಲ್ಲಿ ಒಂದರಲ್ಲಾದರೂ ಉಪ್ಪು-ಸಕ್ಕರೆ ಬೆರೆತಿರಲಿ.

ಗೆಳೆಯರಿಗಿಂತ ಹಿಂದುಳಿಯುವ ಚಿಂತೆ ಇದ್ದರೆ ಈ ಲೆಕ್ಕ ನೋಡಿ. ದೂರದ ಸವಾರಿಗಳ ಬ್ರೆವೆ ಪದ್ಧತಿಯಲ್ಲಿ 200 ಕಿ.ಮೀ. ಮುಗಿಸಲು ಕೊಡುವ ಗಡುವು 13 ಗಂಟೆ 30 ನಿಮಿಷ. ಅದೇ ಪ್ರಮಾಣದಲ್ಲಿ ನಿಮ್ಮ 160 ಕಿ.ಮೀ.ಗೆ 10 ಗಂಟೆ 48 ನಿಮಿಷ ಸಿಗುತ್ತದೆ. ಗಂಟೆಗೆ 18 ಕಿ.ಮೀ.ಯಂತೆ ತುಳಿದರೂ ಹತ್ತತ್ತು ನಿಮಿಷದ ಎಂಟು ವಿಶ್ರಾಂತಿಗಳೊಂದಿಗೆ ನೀವು ಅದರೊಳಗೇ ಮುಗಿಸುತ್ತೀರಿ. ಅವೇ ವಿಶ್ರಾಂತಿಗಳು ಇಪ್ಪತ್ತೈದು ನಿಮಿಷಕ್ಕೆ ಹಿಗ್ಗಿದರೆ ಎರಡು ಗಂಟೆ ಹೆಚ್ಚಾಗಿ ಕತ್ತಲು ಕವಿಯುತ್ತದೆ, ಕಾಲುಗಳೂ ಆರಿ ಬಿಗಿದುಕೊಳ್ಳುತ್ತವೆ. ಒಂದು ಹೆಚ್ಚುವರಿ ಟ್ಯೂಬ್, ಟೈರ್ ಬಿಚ್ಚುವ ಲಿವರ್, ಚಿಕ್ಕ ಪಂಪು ಜೊತೆಗಿರಲಿ. ಮನೆಯಲ್ಲೇ ಒಮ್ಮೆ ಹಿಂಚಕ್ರದ ಟ್ಯೂಬನ್ನು ನೀವೇ ಬದಲಿಸಿ ನೋಡಿ. ದಾರಿಯಲ್ಲಿ ಎಲ್ಲಿ ಸವಾರಿಯನ್ನು ನಿಲ್ಲಿಸಬಹುದು, ಅಲ್ಲಿಂದ ಹೇಗೆ ಹಿಂದಿರುಗಬಹುದು ಎಂಬುದನ್ನು ನಕ್ಷೆಯಲ್ಲಿ ಎರಡು-ಮೂರು ಕಡೆ ಗುರುತಿಸಿಟ್ಟುಕೊಳ್ಳಿ. ಎದೆಯಲ್ಲಿ ಬಿಗಿತ, ತಲೆಸುತ್ತು, ಪ್ರತಿ ಸುತ್ತಿಗೂ ಚುಚ್ಚುವ ಮಂಡಿನೋವು ಇವುಗಳಲ್ಲಿ ಯಾವುದೇ ಕಂಡರೂ ಉಳಿದ ದೂರ ಹತ್ತೇ ಕಿಲೋಮೀಟರ್ ಇದ್ದರೂ ಇಳಿದುಬಿಡಬೇಕು.

ಪ್ರಶ್ನೆ: ಅಭ್ಯಾಸವಿಲ್ಲದೆ 100 ಕಿ.ಮೀ. ಹೋಗಿಬಂದೆ. ಐದು ದಿನವಾದರೂ ಎರಡೂ ಕೈಗಳ ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿದಂತಿವೆ. ಬಲಮಂಡಿಯ ಮುಂಭಾಗದಲ್ಲಿ ಮೆಟ್ಟಿಲಿಳಿಯುವಾಗ ನೋವಿದೆ. ಹೆದರಬೇಕೇ?

ಉತ್ತರ: ಆ ಎರಡು ಬೆರಳುಗಳಿಗೆ ಸ್ಪರ್ಶಜ್ಞಾನ ಒದಗಿಸುವ ಅಲ್ನರ್ ನರ ಅಂಗೈಯ ಬುಡದಲ್ಲಿ, ಕಿರುಬೆರಳಿನ ಬದಿಯಿಂದ ಹಾದುಹೋಗುತ್ತದೆ. ಹ್ಯಾಂಡಲ್ ಮೇಲೆ ಗಂಟೆಗಟ್ಟಲೆ ಒಂದೇ ರೀತಿ ಭಾರ ಹಾಕಿದಾಗ ಅದು ಜಜ್ಜಿದಂತಾಗುತ್ತದೆ. ಸಾಮಾನ್ಯವಾಗಿ ಕೆಲವು ದಿನಗಳಿಂದ ಕೆಲವು ವಾರಗಳಲ್ಲಿ ತಾನಾಗಿ ಸರಿಹೋಗುತ್ತದೆ, ಅಲ್ಲಿಯವರೆಗೆ ದೂರದ ಸವಾರಿ ಬೇಡ. ಗುಂಡಿ ಹಾಕಲು, ಬೀಗದಕೈ ತಿರುಗಿಸಲು ಬೆರಳುಗಳಿಗೆ ಬಲ ಸಾಲದಂತಾದರೆ ಮಾತ್ರ ತಡಮಾಡದೆ ವೈದ್ಯರಿಗೆ ತೋರಿಸಿ. ಸೈಕಲ್ಲಿನಲ್ಲಿ ನೋಡಬೇಕಾದದ್ದು ಸೀಟಿನ ಮೂತಿಯನ್ನು. ಅದು ಕೆಳಕ್ಕೆ ವಾಲಿದ್ದರೆ ನೀವು ತುಳಿದಷ್ಟೂ ಮುಂದಕ್ಕೆ ಜಾರುತ್ತೀರಿ, ಜಾರುವುದನ್ನು ತಡೆಯುವ ಕೆಲಸ ಕೈಗಳ ಪಾಲಿಗೆ ಬರುತ್ತದೆ. ಸೀಟನ್ನು ಮಟ್ಟಸವಾಗಿಸಿ, ಹ್ಯಾಂಡಲನ್ನು ತುಸು ಎತ್ತರಿಸಿ, ಮೊಣಕೈಗಳನ್ನು ಸಡಿಲವಾಗಿ ಬಾಗಿಸಿಕೊಂಡು, ಕೈಯಿಡುವ ಜಾಗವನ್ನು ಆಗಾಗ ಬದಲಿಸಿ.

ಮಂಡಿಚಿಪ್ಪಿನ ಸುತ್ತಲಿನ ನೋವು ಸಾಮಾನ್ಯವಾಗಿ ಸೀಟು ತಗ್ಗಾಗಿರುವುದನ್ನು ಇಲ್ಲವೇ ಭಾರದ ಗೇರನ್ನು ಒತ್ತಿ ತುಳಿಯುವುದನ್ನು ಹೇಳುತ್ತದೆ. ಮಂಡಿಯ ಹಿಂಭಾಗ ನೋಯುತ್ತಿದ್ದರೆ ಸೀಟು ಎತ್ತರವಾಗಿರಬಹುದು. ನಿಮ್ಮದು ಮುಂಭಾಗದ ನೋವಾದ್ದರಿಂದ ಸೀಟನ್ನು ಒಂದು ಬಾರಿಗೆ ಮೂರರಿಂದ ಐದು ಮಿಲಿಮೀಟರ್ ಮಾತ್ರ ಏರಿಸಿ, ಎರಡು-ಮೂರು ಚಿಕ್ಕ ಸವಾರಿ ಮಾಡಿ, ಆಮೇಲೆ ಮತ್ತೆ ನಿರ್ಧರಿಸಿ. ಎಲ್ಲವನ್ನೂ ಒಂದೇ ದಿನ ಬದಲಿಸಿದರೆ ಯಾವುದರಿಂದ ಗುಣವಾಯಿತು ಎಂಬುದು ತಿಳಿಯದೇ ಹೋಗುತ್ತದೆ. ಮಂಡಿ ಊದಿಕೊಂಡಿದ್ದರೆ ಈ ಪ್ರಯೋಗಗಳೆಲ್ಲ ವೈದ್ಯರು ನೋಡಿದ ನಂತರ.

ಪ್ರಶ್ನೆ: ಸವಾರಿಗೆ ಹೊರಡುವ ಮೊದಲೇ ನೋವಿನ ಮಾತ್ರೆ ನುಂಗಿದರೆ ಹೇಗೆ?

ಉತ್ತರ: ಬೇಡ. ಐಬುಪ್ರೊಫೇನ್ ಮತ್ತು ಅದೇ ಬಗೆಯ ಮಾತ್ರೆಗಳು ಮೂತ್ರಪಿಂಡಗಳಿಗೆ ಹೋಗುವ ರಕ್ತವನ್ನು ತಗ್ಗಿಸುತ್ತವೆ. ಬೆವರಿ ನೀರು ಕಳೆದುಕೊಂಡ ದೇಹದಲ್ಲಿ ಆ ರಕ್ತ ಮೊದಲೇ ಕಡಿಮೆಯಾಗಿರುತ್ತದೆ. ಹೊಟ್ಟೆಯ ಒಳಪೊರೆಗೂ ಅವು ಒಳ್ಳೆಯವಲ್ಲ. ಅದೂ ಅಲ್ಲದೆ, ಎಲ್ಲಿ ನಿಲ್ಲಿಸಬೇಕೆಂದು ಹೇಳುವ ನೋವನ್ನೇ ನೀವು ಬಾಯಿ ಮುಚ್ಚಿಸಿದಂತಾಗುತ್ತದೆ. ಸವಾರಿ ಮುಗಿದ ಮೇಲೆ ತೊಡೆಗಳ ನೋವು ಒಂದರಿಂದ ಮೂರು ದಿನಗಳ ನಡುವೆ ಏರಿ, ಆಮೇಲೆ ಇಳಿಯುತ್ತದೆ. ನಿದ್ರೆ, ಊಟ, ನಿಧಾನ ನಡಿಗೆ ಅದಕ್ಕೆ ಸಾಕು. ಆದರೆ ಸ್ನಾಯುಗಳು ಊದಿ ಅಸಹಜವಾಗಿ ನೋಯುತ್ತಾ, ಮೂತ್ರ ಕೋಲಾದಂತೆ ಕಡುಕಂದು ಬಣ್ಣಕ್ಕೆ ತಿರುಗಿದರೆ, ಅದು ಸ್ನಾಯುಗಳು ಕರಗಿ ಮೂತ್ರಪಿಂಡವನ್ನು ಕಾಡುತ್ತಿರುವ ಲಕ್ಷಣವಾಗಿರಬಹುದು. ಅಂದೇ ಆಸ್ಪತ್ರೆಗೆ ಹೋಗಬೇಕು.