ಹಳೇ ಎಂಜಿನ್‌ಗೆ ಸಿಂಥೆಟಿಕ್ ಆಯಿಲ್ ಹಾಕಬಹುದೇ?

ಪ್ರಶ್ನೆ: ನನ್ನ ಪೆಟ್ರೋಲ್ ಕಾರಿಗೆ ಇಪ್ಪತ್ತು ವರ್ಷವಾಗಿದೆ. ಇದುವರೆಗೂ 20ಡಬ್ಲ್ಯೂ-50 ಮಿನರಲ್ ಆಯಿಲ್ (ಕಚ್ಚಾ ತೈಲ ಶುದ್ಧೀಕರಿಸಿ ಮಾಡಿದ ಎಂಜಿನ್ ಆಯಿಲ್) ಹಾಕಿಸಿದ್ದೇನೆ. ಸಿಂಥೆಟಿಕ್ ಹಾಕಿದರೆ ಸೀಲ್ ಸೋರುತ್ತದೆ ಎನ್ನುತ್ತಾರೆ, ನಿಜವೇ?

ಉತ್ತರ: ಅರ್ಧ ನಿಜ. ಈಗಿನ ಸಿಂಥೆಟಿಕ್ ಆಯಿಲ್ (ರಾಸಾಯನಿಕ ಪ್ರಕ್ರಿಯೆಯಿಂದ ತಯಾರಿಸಿದ್ದು) ಸೀಲನ್ನು ಹಾಳು ಮಾಡುವುದಿಲ್ಲ. ಆದರೆ ರಬ್ಬರ್ ಸೀಲ್ ಬಿಸಿಗೆ ಗಟ್ಟಿಯಾಗಿ ಬಿರುಕು ಬಿಟ್ಟಿದ್ದು, ಅದರ ಸಂದಿಯಲ್ಲಿ ಕಟ್ಟಿಕೊಂಡ ಜಿಡ್ಡೇ ಸೋರಿಕೆ ತಡೆದಿದ್ದರೆ, ಹೊಸ ಆಯಿಲ್ ಆ ಜಿಡ್ಡನ್ನು ತೊಳೆದಾಗ ಜಿನುಗು ಹೊರಬೀಳುತ್ತದೆ. ದೂರು ಮಾತ್ರ ಆಯಿಲ್ ಮೇಲೆ!

ಮೊದಲು ವಾಲ್ವ್ ಕವರ್ (ಎಂಜಿನ್ನಿನ ಮೇಲಿನ ಮುಚ್ಚಳ) ಅಂಚು, ಎಂಜಿನ್-ಗೇರ್‌ಬಾಕ್ಸ್ ಸೇರುವ ಜಾಗದ ಕೆಳಭಾಗ ಒದ್ದೆಯಾಗಿದೆಯೇ ನೋಡಿ. ಆಯಿಲ್ ತುಂಬುವ ಮುಚ್ಚಳ ತೆಗೆದು ಒಳಗೆ ಟಾರ್ಚ್ ಬಿಡಿ. ಲೋಹದ ಮೇಲೆ ತೆಳು ಕಂದು ಬಣ್ಣವಿದ್ದರೆ ಚಿಂತೆಯಿಲ್ಲ. ಕಪ್ಪು ಗಟ್ಟಿ ಕೆಸರಿದ್ದರೆ ಅವಸರ ಬೇಡ: ಅದು ಕಳಚಿ ಆಯಿಲ್ ಪಂಪಿನ ಜಾಲರಿಗೆ ಅಡ್ಡ ಬಂದರೆ ಒತ್ತಡ ಕುಸಿದು ಬೇರಿಂಗ್ ಸವೆಯುತ್ತದೆ. ಅಂಥ ಎಂಜಿನ್‌ಗೆ ಮಿನರಲ್ ಆಯಿಲನ್ನೇ 2,000-3,000 ಕಿ.ಮೀ.ಗೊಮ್ಮೆ, ಫಿಲ್ಟರ್ ಸಮೇತ, ಎರಡು ಸಲ ಬದಲಿಸಿ.

ಎಂಜಿನ್ ಸಾವಿರ ಕಿ.ಮೀ.ಗೆ ಒಂದು ಲೀಟರ್ ಆಯಿಲ್ ಸುಡುತ್ತಿದ್ದರೆ ಸಿಂಥೆಟಿಕ್ ದುಡ್ಡು ದಂಡ. ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ರಿಪೇರಿ ಮಾಡಿಸಿ.

ಎಂಜಿನ್ ಚೆನ್ನಾಗಿದ್ದರೆ ಧಾರಾಳವಾಗಿ ಬದಲಿಸಿ, ಉಳಿದ ಹಳೇ ಆಯಿಲ್ ಬೆರೆತರೂ ತೊಂದರೆಯಿಲ್ಲ. ಗ್ರೇಡ್ (ಆಯಿಲ್ ಎಷ್ಟು ಮಂದ ಎಂದು ಹೇಳುವ 20ಡಬ್ಲ್ಯೂ-50ರಂಥ ಸಂಖ್ಯೆ) ಮಾತ್ರ ಕಾರಿನ ಕೈಪಿಡಿ ಹೇಳಿದ್ದೇ ಇರಲಿ. ಸಿಂಥೆಟಿಕ್ ಎಂದ ಮಾತ್ರಕ್ಕೆ ತೆಳುವಾದ 5ಡಬ್ಲ್ಯೂ-30ಕ್ಕೆ ಜಿಗಿಯಬೇಡಿ. ಸವೆದ ಎಂಜಿನ್ನಿನಲ್ಲಿ ಬಿಸಿಯಾದಾಗ ಒತ್ತಡ ಸಾಲದಾಗಬಹುದು. ಮೊದಲ ತಿಂಗಳು ವಾರಕ್ಕೊಮ್ಮೆ, ಸಮತಟ್ಟು ಜಾಗದಲ್ಲಿ, ಎಂಜಿನ್ ನಿಲ್ಲಿಸಿ 10 ನಿಮಿಷದ ನಂತರ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ಅಳೆಯುವ ಕಡ್ಡಿ) ನೋಡಿ.