ಅಣ್ಣನಿಗಾದ ಲಕ್ವವೇ ಬೇರೆ, ತಮ್ಮನಿಗಾದದ್ದೇ ಬೇರೆ

ಪ್ರಶ್ನೆ: ನಮ್ಮ ತಂದೆಗೆ 66 ವರ್ಷ. ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ. ಎರಡು ತಿಂಗಳ ಹಿಂದೆ ಬೆಳಗ್ಗೆ ಏಳುವಾಗ ಬಲಗೈ, ಬಲಗಾಲು ಸ್ವಾಧೀನ ತಪ್ಪಿತ್ತು. ಮಾತು ಸ್ವಲ್ಪ ತೊದಲುತ್ತಿತ್ತು, ಆದರೆ ಎಲ್ಲ ಅರ್ಥವಾಗುತ್ತಿತ್ತು. ಎಂಆರ್‌ಐ ರಿಪೋರ್ಟಿನಲ್ಲಿ ‘ಲ್ಯಾಕುನಾರ್ ಇನ್‌ಫಾರ್ಕ್ಟ್’ ಎಂದಿದೆ. ಈಗ ಕೋಲು ಹಿಡಿದು ನಡೆಯುತ್ತಾರೆ. ಮೂರು ವರ್ಷದ ಹಿಂದೆ ದೊಡ್ಡಪ್ಪನಿಗೂ ಇದೇ ಬಲಭಾಗಕ್ಕೆ ಲಕ್ವ ಹೊಡೆದು, ಮಾತು ಪೂರ್ತಿ ನಿಂತು, ವರ್ಷ ತುಂಬುವುದರೊಳಗೆ ತೀರಿಕೊಂಡರು. ಅವರ ಚೀಟಿಯಲ್ಲಿ ‘ಎ.ಎಫ್.’ ಎಂದು ಬರೆದಿತ್ತು. ಅಪ್ಪ ಈಗ ‘ಅಣ್ಣನಿಗೆ ಒಂದು ವರ್ಷ ಸಿಕ್ಕಿತು, ನನಗೂ ಅಷ್ಟೇ’ ಎಂದು ವ್ಯಾಪಾರದ ಲೆಕ್ಕವನ್ನೆಲ್ಲ ನನ್ನ ತಮ್ಮನಿಗೆ ಒಪ್ಪಿಸಿ ಕೂತುಬಿಟ್ಟಿದ್ದಾರೆ. ನಿಜ ಹೇಳಿ ಡಾಕ್ಟರೇ, ಎಷ್ಟು ವರ್ಷ?
– ಹೆಸರು ಬೇಡ, ತಿಪಟೂರು

ಉತ್ತರ: ಈ ಉತ್ತರವನ್ನು ದಯವಿಟ್ಟು ಅಪ್ಪನ ಎದುರಿಗೇ ಓದಿ. ಅಣ್ಣ ತಮ್ಮ ಇಬ್ಬರಿಗೂ ಬಿದ್ದದ್ದು ಬಲಗೈಯೇ. ಆದರೆ ಕಾಯಿಲೆ ಒಂದೇ ಅಲ್ಲ.

ಎ.ಎಫ್. ಎಂದರೆ ಹೃದಯದ ಮೇಲಿನ ಕೋಣೆಗಳು ತಾಳ ತಪ್ಪಿ ನಡುಗುವುದು. ರಕ್ತ ಅಲ್ಲೇ ನಿಂತು ಹೆಪ್ಪುಗಟ್ಟುತ್ತದೆ. ಆ ಗಡ್ಡೆ ಮೆದುಳಿಗೆ ಹಾರಿದರೆ ಸಾಮಾನ್ಯವಾಗಿ ದೊಡ್ಡ ರಕ್ತನಾಳಕ್ಕೇ ಸಿಕ್ಕಿಕೊಳ್ಳುತ್ತದೆ. ಕಾಲುವೆಯ ಬಾಯಿಗೇ ಬಂಡೆ ಬಿದ್ದರೆ ಇಡೀ ತೋಟ ಒಣಗುತ್ತದಲ್ಲ, ಹಾಗೆ. ನಿಮ್ಮ ದೊಡ್ಡಪ್ಪನ ಮಾತು ನಿಂತದ್ದು ಮೆದುಳಿನ ಮೇಲ್ಪದರವೂ ಹೋಗಿತ್ತು ಎಂಬುದರ ಗುರುತು.

ನಿಮ್ಮ ತಂದೆಗಾದ ಲ್ಯಾಕುನಾರ್ ಎಂದರೆ ಮೆದುಳಿನ ಆಳದಲ್ಲಿರುವ, ಒಂದು ಮಿಲಿಮೀಟರ್ ದಪ್ಪವೂ ಇಲ್ಲದ ಸಣ್ಣ ನಾಳದ ತೊಂದರೆ. ವರ್ಷಗಟ್ಟಲೆ ಬಿಪಿ, ಶುಗರ್ ಏಟು ತಿಂದು ಅದರ ಗೋಡೆ ದಪ್ಪಗಾಗಿ ಮುಚ್ಚಿಕೊಂಡಿರುತ್ತದೆ. ಹಾಳಾದ ಜಾಗ ಹೆಚ್ಚೆಂದರೆ ಒಂದೂವರೆ ಸೆಂಟಿಮೀಟರ್. ಅಷ್ಟಕ್ಕೇ ಇಡೀ ಕೈಕಾಲು ಹೇಗೆ ಬೀಳುತ್ತದೆ ಅಂತೀರಾ? ಮುಖ, ಕೈ, ಕಾಲಿಗೆ ಹೋಗುವ ನರದ ಎಳೆಗಳೆಲ್ಲ ಅಲ್ಲಿ ಒಂದೇ ಕಟ್ಟಾಗಿ ಇಳಿಯುತ್ತವೆ. ವಾರ್ಡಿನಲ್ಲಿ ನಾನು ಇಂಥವರಿಗೆ ಮೊದಲು ಪೆನ್ನು, ಬೀಗದ ಕೈ, ಕನ್ನಡಕ ತೋರಿಸಿ ‘ಇದೇನು?’ ಎಂದು ಕೇಳುತ್ತೇನೆ. ಕೈ ಎತ್ತಲಾಗದಿದ್ದರೂ ತೊದಲುತ್ತಲೇ ಮೂರನ್ನೂ ಸರಿಯಾಗಿ ಹೇಳಿದರೆ ಮೇಲ್ಪದರ ಉಳಿದಿರಬೇಕು ಎಂದು ನನಗೆ ಅರ್ಧ ಸಮಾಧಾನ.

ಲೆಕ್ಕ ಬಲ್ಲ ವ್ಯಾಪಾರಿಗೆ ಲೆಕ್ಕವನ್ನೇ ಕೊಡುತ್ತೇನೆ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನಲ್ಲಿ ನಡೆಸಿದ ಅಧ್ಯಯನ 1991ರಲ್ಲಿ ಪ್ರಕಟವಾಯಿತು. ಮೆದುಳಿನ ಮುಂಭಾಗದ ದೊಡ್ಡ ಪಾಲು ಹೋದವರಲ್ಲಿ ವರ್ಷದೊಳಗೆ ತೀರಿಕೊಂಡವರು ನೂರಕ್ಕೆ 60. ಲ್ಯಾಕುನಾರ್ ಆದವರಲ್ಲಿ 11. ಹೆಪ್ಪು ಕರಗಿಸುವ ಇಂಜೆಕ್ಷನ್ ಬರುವ ಮೊದಲಿನ ಕಾಲ ಅದು. ಜರ್ಮನಿಯ ಎರ್ಲಾಂಗೆನ್‌ನಿಂದ 2001ರಲ್ಲಿ ಬಂದ ವರದಿ ಎರಡು ವರ್ಷದ ಲೆಕ್ಕ ಕೊಡುತ್ತದೆ. ಸಣ್ಣ ನಾಳದವರಲ್ಲಿ ನೂರಕ್ಕೆ 85 ಜನ ಬದುಕಿದ್ದರು, ಹೃದಯದಿಂದ ಹೆಪ್ಪು ಬಂದವರಲ್ಲಿ ಸುಮಾರು 55. ಒಬ್ಬ ಮನುಷ್ಯನಿಗೆ ಇಷ್ಟೇ ವರ್ಷ ಎಂದು ಯಾವ ಡಾಕ್ಟರೂ ಹೇಳಲಾರ. ಆದರೆ ಅಣ್ಣನ ಲೆಕ್ಕ ತಮ್ಮನಿಗೆ ಹೊಂದುವುದಿಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ.

ಹಾಗಂತ ಸುಮ್ನೆ ಇರುವಂತಿಲ್ಲ. ಲ್ಯಾಕುನಾರ್‌ನವರ ಈ ಅನುಕೂಲ ವರ್ಷ ಕಳೆದಂತೆ ಕರಗುತ್ತಾ ಬರುತ್ತದೆ. ಒಂದು ನಾಳ ಕೆಟ್ಟಿದೆ ಎಂದರೆ ಅಕ್ಕಪಕ್ಕದವೂ ಅದೇ ದಾರಿಯಲ್ಲಿರುತ್ತವೆ. ಮತ್ತೆ ಮತ್ತೆ ಹೀಗಾದರೆ ನಡಿಗೆ ನಿಧಾನವಾಗುತ್ತದೆ, ಮರೆವು ಬರುತ್ತದೆ, ಹೃದಯಾಘಾತದ ಭಯವೂ ಇದೆ. ಇಲ್ಲಿ ಎಲ್ಲಕ್ಕಿಂತ ಮುಖ್ಯ ಬಿಪಿ. ಮೇಲಿನ ಅಂಕಿ 130ರ ಆಸುಪಾಸಿಗೆ ಇಳಿಯಬೇಕು. ಮನೆಯಲ್ಲೇ ಮಿಷನ್ ಇಟ್ಟು ನೋಡಿ, ಬರೆದಿಡಿ. ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆಗೆ ಹಾಕುವ ಉಪ್ಪು ಕಡಿಮೆಯಾಗಲಿ. ಬೀಡಿ ಸಿಗರೇಟು ಇದ್ದರೆ ಇವತ್ತೇ ನಿಲ್ಲಲಿ.

ಇನ್ನೊಂದು ವಿಷಯ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಕ್ಲೋಪಿಡೊಗ್ರೆಲ್ ಮಾತ್ರೆ ಎರಡನ್ನೂ ಅವರು ಇನ್ನೂ ನುಂಗುತ್ತಿದ್ದರೆ ‘ಎರಡೂ ಎಲ್ಲಿವರೆಗೆ?’ ಎಂದು ನಿಮ್ಮ ಡಾಕ್ಟರನ್ನು ಕೇಳಿ. ಶುರುವಿನ ಕೆಲವು ವಾರ ಎರಡೂ ಒಳ್ಳೆಯದು. ಆದರೆ ಲ್ಯಾಕುನಾರ್‌ನವರಿಗೆ ವರ್ಷಗಟ್ಟಲೆ ಎರಡನ್ನೂ ಕೊಟ್ಟಾಗ ಲಾಭವಾಗದೆ ರಕ್ತಸ್ರಾವ, ಸಾವು ಜಾಸ್ತಿಯಾದದ್ದು 2012ರ ಒಂದು ದೊಡ್ಡ ಅಧ್ಯಯನದಲ್ಲಿ ಕಂಡಿದೆ. ನೀವಾಗಿಯೇ ಮಾತ್ರ ನಿಲ್ಲಿಸಬೇಡಿ.

ಕತ್ತಿನ ರಕ್ತನಾಳದ ಡಾಪ್ಲರ್ (ರಕ್ತದ ಹರಿವು ನೋಡುವ ಸ್ಕ್ಯಾನ್) ಆಗಿದೆಯೇ ನೋಡಿಕೊಳ್ಳಿ. ಮತ್ತೆ ಮುಖ ಸೊಟ್ಟಗಾಗಿ ಕೈ ಬಿದ್ದರೆ ನಾಟಿ ಔಷಧ ಹುಡುಕುತ್ತಾ ಕೂರಬೇಡಿ. ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ತಕ್ಷಣ ಹೊರಡಿ, ಇಂಜೆಕ್ಷನ್ನಿಗೆ ಇರುವುದು ನಾಲ್ಕೂವರೆ ಗಂಟೆ ಮಾತ್ರ.

ಲೆಕ್ಕದ ಪುಸ್ತಕವನ್ನು ಅಪ್ಪನಿಗೇ ವಾಪಸ್ ಕೊಡಿ. ಕೈ ಚೇತರಿಸಿಕೊಳ್ಳುವುದು ಮೊದಲ ಮೂರು ತಿಂಗಳಲ್ಲೇ ಜಾಸ್ತಿ, ಆ ಕೈಯಲ್ಲೇ ಬರೆಯಲಿ. ಲಕ್ವ ಆದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ, ಅದಕ್ಕೂ ಮಾತ್ರೆ ಇದೆ. ಅವರು ಕೂತುಬಿಟ್ಟ ರೀತಿ ನೋಡಿದರೆ ಅದನ್ನೂ ಡಾಕ್ಟರ ಕಿವಿಗೆ ಹಾಕಬೇಕು ಅನ್ನಿಸುತ್ತದೆ.

ಪ್ರಶ್ನೆ: ನನಗೆ 44. ಚಿಕ್ಕಂದಿನ ಕೀಲು ಜ್ವರದಿಂದ ಹೃದಯದ ವಾಲ್ವ್ ಕಿರಿದಾಗಿದೆ, ಎ.ಎಫ್. ಕೂಡ ಇದೆ. ಹೋದ ವರ್ಷ ಲಕ್ವ ಆಗಿ ಚೇತರಿಸಿಕೊಂಡೆ. ರಕ್ತ ಹೆಪ್ಪುಗಟ್ಟದಿರಲು ಕೊಟ್ಟ ಅಸಿಟ್ರಾಮ್ ಮಾತ್ರೆಗೆ ಪದೇ ಪದೇ ರಕ್ತಪರೀಕ್ಷೆ ಮಾಡಿಸಿ ಸಾಕಾಗಿದೆ. ಪರೀಕ್ಷೆ ಬೇಡದ ಹೊಸ ಮಾತ್ರೆಗೆ ಬದಲಾಯಿಸಬಹುದೇ? ಸೊಪ್ಪು ಬಿಡಬೇಕೇ?
– ಓದುಗರು, ಗದಗ

ಉತ್ತರ: ನಿಮ್ಮ ಬೇಸರ ಅರ್ಥವಾಗುತ್ತದೆ. ಆದರೂ ಬದಲಾಯಿಸಬೇಡಿ. ಹೊಸ ಮಾತ್ರೆಗಳು ಬೇರೆ ಎ.ಎಫ್. ರೋಗಿಗಳಿಗೆ ಚೆನ್ನಾಗಿವೆ. ನಿಮ್ಮಂತೆ ಕೀಲು ಜ್ವರದ ವಾಲ್ವ್ ಇರುವವರಲ್ಲಿ ಹಾಗಲ್ಲ. ಭಾರತದ ರೋಗಿಗಳೂ ಇದ್ದ, 2022ರ ಇನ್ವಿಕ್ಟಸ್ ಅಧ್ಯಯನದಲ್ಲಿ ಹೊಸ ಮಾತ್ರೆ ರಿವರೊಕ್ಸಾಬ್ಯಾನ್‌ಗಿಂತ ನಿಮ್ಮ ಅಸಿಟ್ರಾಮ್ ಜಾತಿಯ ಹಳೆಯ ಮಾತ್ರೆ ತೆಗೆದುಕೊಂಡವರಲ್ಲೇ ಸಾವು ಕಡಿಮೆ ಇತ್ತು. ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನಿಮ್ಮ ರಕ್ತಪರೀಕ್ಷೆ ತೋರಿಸುವ ಅಂಕಿ) 2ರಿಂದ 3ರ ಒಳಗಿರಲಿ. ಸೊಪ್ಪು ಬಿಡುವುದು ಬೇಡ, ವಾರವಾರ ಒಂದೇ ಅಳತೆಯಲ್ಲಿ ತಿನ್ನಿ. ಒಂದು ವಾರ ದಿನಾ ಪಾಲಕ್, ಮುಂದಿನ ವಾರ ಏನೂ ಇಲ್ಲ ಅಂದರೆ ಐಎನ್‌ಆರ್ ಏರಿಳಿಯುತ್ತದೆ. ನೋವಿನ ಮಾತ್ರೆಯನ್ನು ಮೆಡಿಕಲ್ ಶಾಪಿನಿಂದ ಕೇಳಿ ತಂದು ನುಂಗಬೇಡಿ. ವಸಡಿನಲ್ಲಿ ರಕ್ತ, ಕಪ್ಪು ಮಲ, ಎಂದೂ ಇಲ್ಲದ ತಲೆನೋವು ಕಂಡರೆ ಅವತ್ತೇ ಆಸ್ಪತ್ರೆಗೆ ಹೋಗಿ.