ಕ್ಯಾಟಪಲ್ಟ್ ಎಳೆತವನ್ನು ವಿಮಾನ ತಾಳುವ ಬಗೆ

ಪ್ರಶ್ನೆ: ಕಾದಾಟದಲ್ಲಿ ಗುರುತ್ವದ ಏಳು ಪಟ್ಟು ಬಲವನ್ನು ತಾಳುವ ಯುದ್ಧವಿಮಾನಕ್ಕೆ, ವಿಮಾನವಾಹಕ ನೌಕೆಯ ಕ್ಯಾಟಪಲ್ಟ್ (ವಿಮಾನವನ್ನು ನೌಕೆಯ ಮೇಲಿಂದ ಎಳೆದು ಹಾರಿಸುವ ಯಂತ್ರ) ಕೊಡುವ ಮೂರು ಪಟ್ಟಿನ ಎಳೆತ ಏಕೆ ಕಠಿಣ ಪರೀಕ್ಷೆಯಾಗುತ್ತದೆ?

ಉತ್ತರ: ಬಲದ ಪ್ರಮಾಣದಷ್ಟೇ ಅದು ಯಾವ ದಿಕ್ಕಿನಿಂದ, ಎಷ್ಟು ಹಠಾತ್ತಾಗಿ ಬರುತ್ತದೆ ಎಂಬುದೂ ಮುಖ್ಯ. ತಿರುವಿನಲ್ಲಿ ಹುಟ್ಟುವ ಬಲ ರೆಕ್ಕೆಯ ಉದ್ದಗಲಕ್ಕೂ ಹಂಚಿಹೋಗುತ್ತದೆ. ಕ್ಯಾಟಪಲ್ಟಿನ ಎಳೆತವಾದರೋ ಮುಂಚಕ್ರದ ಕಾಲಿಗೆ ಜೋಡಿಸಿದ ಲಾಂಚ್ ಬಾರ್ ಎಂಬ ಒಂದೇ ಉಕ್ಕಿನ ತೋಳಿನ ಮೂಲಕ ಇಡೀ ವಿಮಾನಕ್ಕೆ ತಲುಪಬೇಕು.

ಲೆಕ್ಕ ಹಾಕಿ ನೋಡೋಣ. ಅಮೆರಿಕದ ನಿಮಿಟ್ಜ್ ವರ್ಗದ ನೌಕೆಗಳ ಉಗಿ ಕ್ಯಾಟಪಲ್ಟ್ ಸುಮಾರು 94 ಮೀಟರ್ ಅಂತರದಲ್ಲಿ ವಿಮಾನವನ್ನು ಗಂಟೆಗೆ 265 ಕಿಲೋಮೀಟರ್‌ನಷ್ಟು ವೇಗಕ್ಕೆ ಒಯ್ಯಬಲ್ಲದು. ಪೂರ್ತಿ ಹೊರೆ ಹೊತ್ತು 30 ಟನ್ ತೂಗುವ ಸೂಪರ್ ಹಾರ್ನೆಟ್ ಯುದ್ಧವಿಮಾನ ಅಷ್ಟು ವೇಗ ಪಡೆಯಲು ಸರಾಸರಿ ಸುಮಾರು 88 ಟನ್ ಭಾರಕ್ಕೆ ಸಮನಾದ ಬಲ ಬೇಕು. ಎರಡು ಎಂಜಿನ್‌ಗಳ ನೂಕುಬಲವೆಂದು 20 ಟನ್ ಕಳೆದರೂ 68 ಟನ್ ಉಳಿಯುತ್ತದೆ, ಮತ್ತು ಅಷ್ಟನ್ನೂ ಆ ಕಾಲು, ಅದರ ಓರೆ ಆಧಾರಕಂಬ, ಅಲ್ಲಿಂದ ಒಡಲಿನ ಉದ್ದಕ್ಕೂ ಸಾಗುವ ತೊಲೆಗಳು ಹೊರಬೇಕು. ನೆಲದ ನಿಲ್ದಾಣಗಳಿಗಾಗಿ ರೂಪಿಸಿದ ವಿಮಾನದ ಮುಂಗಾಲು ಭಾರ ಹೊರಲು ಮತ್ತು ದಿಕ್ಕು ತಿರುಗಿಸಲು ಮಾತ್ರ ತಯಾರಾಗಿರುವುದರಿಂದ ಇಂಥ ಎಳೆತಕ್ಕೆ ಕಿತ್ತುಬರುವ ಅಪಾಯವಿದೆ. ಎಫ್-35 ಯುದ್ಧವಿಮಾನದ ನೆಲದ ಮಾದರಿಗೆ ಮುಂದೆ ಒಂದೇ ಚಕ್ರವಿದ್ದರೆ, ನೌಕಾ ಮಾದರಿಗೆ ಜೋಡಿ ಚಕ್ರಗಳೂ ಹೆಚ್ಚು ಬಲಿಷ್ಠವಾದ ಕಾಲೂ ಇರುವುದು ಇದೇ ಕಾರಣಕ್ಕೆ. ಹಿಂದಿನ ಫ್ಯಾಂಟಮ್, ಸ್ಕೈಹಾಕ್ ವಿಮಾನಗಳಲ್ಲಿ ಲಾಂಚ್ ಬಾರ್ ಬದಲು ಕ್ಯಾಟಪಲ್ಟ್ ಎಳೆಯುವ ಉಕ್ಕಿನ ಹಗ್ಗವನ್ನು ನೇರವಾಗಿ ವಿಮಾನದ ಅಡಿಯ ಕೊಕ್ಕೆಗಳಿಗೆ ಸಿಕ್ಕಿಸುತ್ತಿದ್ದರು.

ನನ್ನ ದೃಷ್ಟಿಯಲ್ಲಿ ಇಲ್ಲಿ ಹೆಚ್ಚು ಗಮನ ಬೇಡುವುದು ಎಳೆತ ಆರಂಭವಾಗುವ ಮತ್ತು ಮುಗಿಯುವ ಕ್ಷಣಗಳು. ಎಂಜಿನ್ ಪೂರ್ಣ ಬಲದಲ್ಲಿ ಗರ್ಜಿಸುತ್ತಿರುವಾಗಲೂ ಹಿಂದಿನಿಂದ ಹಿಡಿದಿಟ್ಟಿರುವ ಹೋಲ್ಡ್‌ಬ್ಯಾಕ್ ಬಾರ್, ನಿಗದಿತ ಬಲ ಮೀರಿದೊಡನೆ ವಿಮಾನವನ್ನು ಬಿಟ್ಟುಬಿಡುತ್ತದೆ. ಹೀಗೆ ಥಟ್ಟನೆ ಬೀಳುವ ಬಲ, ನಿಧಾನವಾಗಿ ಬೀಳುವ ಅದೇ ಬಲಕ್ಕಿಂತ ಸ್ಥಿತಿಸ್ಥಾಪಕ ರಚನೆಯನ್ನು ಹೆಚ್ಚು, ಕೆಲವೊಮ್ಮೆ ಇಮ್ಮಡಿಯಷ್ಟು, ಬಾಗಿಸಬಲ್ಲದು. ರೆಕ್ಕೆಯಡಿಯ ಇಂಧನ ಟ್ಯಾಂಕುಗಳು ಹಿಂದಕ್ಕೆ ಜಗ್ಗಿ ತೂಗಾಡುತ್ತವೆ. ಇದು ಪ್ರತಿ ಉಡಾವಣೆಯಲ್ಲೂ ಮರುಕಳಿಸುವುದರಿಂದ ಲೋಹ ದಣಿದು ಕೂದಲೆಳೆಯಷ್ಟು ಬಿರುಕುಗಳು ಮೂಡಬಹುದು. ಆದ್ದರಿಂದ ಪ್ರತಿ ವಿಮಾನದ ಉಡಾವಣೆಗಳ ಎಣಿಕೆಯನ್ನು ದಾಖಲಿಸಿಡುತ್ತಾರೆ.

ಪ್ರಶ್ನೆ: ಉಗಿಯ ಬದಲು ವಿದ್ಯುತ್ತಿನ ಕಾಂತಬಲದಿಂದ ಎಳೆಯುವ ವಿದ್ಯುತ್ಕಾಂತೀಯ ಕ್ಯಾಟಪಲ್ಟ್ ಈ ಒತ್ತಡವನ್ನು ಕಡಿಮೆ ಮಾಡುತ್ತದೆಯೇ?

ಉತ್ತರ: ಎಳೆತವನ್ನು ಕ್ಷಣಕ್ಷಣಕ್ಕೂ ನಿಯಂತ್ರಿಸಬಹುದಾದ್ದರಿಂದ ಕಡಿಮೆ ಮಾಡಬಲ್ಲದು, ಆದರೆ ನಿಯಂತ್ರಣ ಸರಿಯಾಗಿದ್ದರೆ ಮಾತ್ರ. ಅಮೆರಿಕದ ಜೆರಾಲ್ಡ್ ಫೋರ್ಡ್ ವಿಮಾನವಾಹಕ ನೌಕೆಗಾಗಿ ತಯಾರಾದ ವ್ಯವಸ್ಥೆಯನ್ನು 2014ರಲ್ಲಿ ಪರೀಕ್ಷಿಸಿದಾಗ, ರೆಕ್ಕೆಯಡಿ ತಲಾ ಸುಮಾರು 1,800 ಲೀಟರಿನ ಟ್ಯಾಂಕುಗಳನ್ನು ಹೊತ್ತ ಸೂಪರ್ ಹಾರ್ನೆಟ್ ಮೇಲೆ ಮಿತಿಮೀರಿದ ಒತ್ತಡ ಬೀಳುವುದು ಕಂಡುಬಂದಿತು. ಪರಿಹಾರವಾಗಿ ಎಂಜಿನಿಯರುಗಳು ಕ್ಯಾಟಪಲ್ಟಿನ ನಿಯಂತ್ರಣ ತಂತ್ರಾಂಶವನ್ನು ತಿದ್ದಿದರು.